ಮಜಲುಮನೆಯ ಕಾರ್ಡು

ಯಂತ್ರ ತಾರೀಕು ಕೇಳಿದಾಗಲೇ ನಳಿನಾಕ್ಷಿಗೆ ಏನೋ ಸರಿಯಿಲ್ಲ ಅನ್ನಿಸಿತು.

ಶುಕ್ರವಾರ ಅಷ್ಟಮಿ, ಶನಿವಾರ ವಿಟ್ಲಪಿಂಡಿಯ ಮೊಸರುಕುಡಿಕೆ, ಅದರ ಬೆನ್ನಿಗೆ ಭಾನುವಾರ. ಮೂರು ದಿನ ರಜೆ ಮುಗಿಸಿ ಬಂದು ಅವಳು ಮಣಿಪಾಲದ ಆ ಕಂಪ್ಯೂಟರ್ ಕೋಣೆಯ ಬೀಗ ತೆಗೆದಿದ್ದಳು. ಎಂದಿನಂತೆ ಚಪ್ಪಲಿ ಹೊರಗೆ ಬಿಟ್ಟು, ಎಂದಿನಂತೆ ಕೀ ತಿರುಗಿಸಿದ್ದಳು. ಕಪಾಟಿನಷ್ಟು ಎತ್ತರದ ಯಂತ್ರದೊಳಗೆ ಫ್ಯಾನುಗಳು ಗುಂಯ್ಯೆಂದವು. ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಅದು ತನ್ನ ಹೆಸರು ಹೇಳಿತು. ಆಮೇಲೆ, ಈಗಷ್ಟೇ ಪರಿಚಯವಾದವರ ಹಾಗೆ, ಇವತ್ತು ಯಾವ ತಾರೀಕು ಎಂದು ಕೇಳಿತು.

ತಾರೀಕು ಕೊಟ್ಟಳು. ಒಳಗೆ ಎಷ್ಟು ಕಾರ್ಡು ಇವೆ ಎಂದು ಟೈಪು ಮಾಡಿ ಕೇಳಿದಳು.

ಸೊನ್ನೆ.

ಬೆರಳು ತಪ್ಪಿರಬೇಕು ಎಂದುಕೊಂಡು ಮತ್ತೊಮ್ಮೆ ಕೇಳಿದಳು. ಸೊನ್ನೆಯೇ.

"ಆಂಜೆಲಾ, ಗುರುವಾರ ನಾವು ಬಿಡುವಾಗ ಎಷ್ಟು ಇತ್ತು?"

"ಎರಡು ಸಾವಿರದ ಆರುನೂರು. ಎಂತಕ್ಕೆ?" ಪಕ್ಕದ ಟರ್ಮಿನಲಿನ ಆಂಜೆಲಾ ಮುಡಿದ ಮಲ್ಲಿಗೆ ಸರಿಮಾಡಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. ಕೈ ಜಡೆಯ ಮೇಲೆಯೇ ನಿಂತಿತು. "ಓ ದೇವಾ!"

ಆನೆಕಾಲು ರೋಗದ ಸಮೀಕ್ಷೆ ಅದು. ಕಾಪು, ಕಾರ್ಕಳ, ಉಡುಪಿಯ ಹಳ್ಳಿಗಳಲ್ಲಿ ದಾದಿಯರು ಗದ್ದೆಯ ಹುಣಿ, ಬದು ಹತ್ತಿಳಿದು, ನಾಯಿ ಬೊಗಳಿಸಿಕೊಂಡು, ಮನೆಗೊಂದರಂತೆ ಹಳದಿ ಕಾರ್ಡು ತುಂಬಿ ತರುತ್ತಿದ್ದರು. ಅದನ್ನು ಯಂತ್ರಕ್ಕೆ ಉಣಿಸುವ ಕೆಲಸ ಈ ಇಬ್ಬರದ್ದು. ಮುಂದಿನ ಸೋಮವಾರ ಡೆಲ್ಲಿಯಿಂದ ದೊಡ್ಡವರು ಬಂದು ಲೆಕ್ಕ ನೋಡುವವರಿದ್ದರು.

ವಿಭಾಗದ ಮುಖ್ಯಸ್ಥ ಯಜ್ಞನಾರಾಯಣ ಸರ್ ಬಂದರು. ಪರದೆ ನೋಡಿದರು. ನಶ್ಯದ ಡಬ್ಬಿ ತೆರೆದವರು ಏರಿಸುವುದನ್ನು ಮರೆತು ಮುಚ್ಚಿದರು.

"ಹದಿನೈದು ದಿನದ ಕೆಲಸ ಎಲ್ಲಿಗೆ ಹೋಗುತ್ತದೆ ಮಾರಾಯ್ತಿ? ಹಳೆಯ ಪೆಟ್ಟಿಗೆಯಲ್ಲಿ ಒಂದು ದಿನ ಹೀಗೆ ಆದದ್ದು ಉಂಟಾ?"

ಆದದ್ದಿರಲಿಲ್ಲ. ಅದೇ ಎಲ್ಲರನ್ನೂ ದಿಗಿಲುಗೊಳಿಸಿದ ಸಂಗತಿ.

ಯಂತ್ರದ ಹಳೆಯ ನೆನಪಿನ ಪೆಟ್ಟಿಗೆಯನ್ನು ತೆಗೆದು ಹೊಸತು ಕೂರಿಸಲು ಕಂಪೆನಿಯವರು ಕಳಿಸಿದ ಇಂಜಿನಿಯರು ಜಯಕರ, ಕಾಪುವಿನವ. ಸ್ಕೂಟರಿನ ಹಿಂದೆ ಸಲಕರಣೆಯ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ. ಅಂಗಿಯ ಕಿಸೆಯಲ್ಲಿ ಪೆನ್ನಿಗಿಂತ ಹೆಚ್ಚು ಸ್ಕ್ರೂಡ್ರೈವರು. ಹಳೆಯದನ್ನು ಬಿಚ್ಚಿದ ದಿನ ಅವನು ನಳಿನಾಕ್ಷಿಯ ಕೈಗೆ ಭೂತಗನ್ನಡಿ ಕೊಟ್ಟು, "ನೋಡಿ ಮಾರ್ರೆ, ಇನ್ನು ಇದು ಸಿಗುವುದಿಲ್ಲ" ಎಂದಿದ್ದ.

ಕೂದಲಿನಷ್ಟು ಸಪುರ ತಂತಿಗಳು. ಅವು ಹಾದುಹೋಗುವಲ್ಲೆಲ್ಲ ಸಾಸಿವೆಗಿಂತ ಸಣ್ಣ ಕಪ್ಪು ಉಂಗುರಗಳು, ಸಾವಿರ ಸಾವಿರ.

"ಮಲ್ಲಿಗೆ ಕಟ್ಟಿದ ಹಾಗೆ ಉಂಟಲ್ಲ!"

"ಕಟ್ಟಿದ್ದೂ ಹೆಂಗಸರೇ. ಸೂಜಿ ಹಿಡಿದು, ಒಂದೊಂದೇ. ಪ್ರತಿ ಉಂಗುರವೂ ಪುಟ್ಟ ಅಯಸ್ಕಾಂತ. ವರ್ಷಗಟ್ಟಲೆ ಕರೆಂಟ್ ಇಲ್ಲದಿದ್ದರೂ ಹೇಳಿಕೊಟ್ಟದ್ದನ್ನು ಬಿಡುವುದಿಲ್ಲ."

ಹೊಸ ಹಲಗೆಯಲ್ಲಿ ಕಾಲುಗಳಿರುವ ಕಪ್ಪು ಹುಳಗಳಂತೆ ಚಿಪ್ ಸಾಲು. ಹಳೆಯದರ ಎಂಟು ಪಟ್ಟು ಹಿಡಿಯುತ್ತದೆ ಎಂದ. ಕರೆಂಟ್ ಹೋದರೆ ಎಂದು ಅವಳು ಕೇಳಿದ್ದಳು. "ಬ್ಯಾಟರಿ ಉಂಟು" ಎಂದವನು ಮುಂದೆ ಏನೋ ಹೇಳಲಿಕ್ಕಿದ್ದ. ಅವಳು ಆಗ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದೇ ತಲೆಯೆತ್ತಿದ್ದಳು. ದೊಡ್ಡದಾಗಿ ಕಂಡ ಆ ಒಂದು ಕಣ್ಣನ್ನು ನೋಡಿ ಅವನು ನಕ್ಕುಬಿಟ್ಟಿದ್ದ. ಅವಳೂ ನಕ್ಕಿದ್ದಳು. ಮಾತು ಅಲ್ಲಿಗೇ ಉಳಿದಿತ್ತು.

ಈಗ ಹತ್ತೂವರೆಗೆ ಅವನು ಓಡಿ ಬಂದ. ಯಂತ್ರದ ಹಿಂದೆ ಹೋಗಿ ಮೀಟರು ಹಿಡಿದ. ಹೊರಗೆ ಬಂದಾಗ ಮುಖ ಬಿಳಿಚಿತ್ತು.

"ಬ್ಯಾಟರಿ ಇಳಿದಿದೆ ಸರ್. ಅದು ನಲವತ್ತೆಂಟು ಗಂಟೆ ಹಿಡಿದುಕೊಳ್ಳುತ್ತದೆ. ಒಂದು ಭಾನುವಾರ ದಾಟಲಿಕ್ಕೆ ಸಾಕು. ಮೂರು ದಿನಕ್ಕೆ ಸಾಲುವುದಿಲ್ಲ."

"ಮತ್ತೆ ತನ್ನ ಹೆಸರು ಹೇಳುತ್ತದಲ್ಲ ಅದು?"

"ಹೆಸರು ಬೇರೆ ಚಿಪ್ ಒಳಗೆ ಉಂಟು ಸರ್, ಕಾರ್ಖಾನೆಯಲ್ಲೇ ಸುಟ್ಟು ಬರೆದದ್ದು. ಅದು ಹೋಗುವುದಿಲ್ಲ. ನಾವು ಹಾಕಿದ್ದು ಮಾತ್ರ ಹೋಗುತ್ತದೆ."

ಹಳೆಯ ಪೆಟ್ಟಿಗೆಯ ಅಭ್ಯಾಸದಲ್ಲೇ ನಡೆದುಕೊಂಡಿದ್ದರು ಎಲ್ಲರೂ. ಟೇಪಿನ ಸುರುಳಿ ಸಿಗುವುದು ಕಷ್ಟ, ನೆನಪು ಪೂರ್ತಿ ತುಂಬಿದ ಮೇಲೆಯೇ ಟೇಪಿಗೆ ಇಳಿಸಬೇಕು ಎಂಬುದು ಯಜ್ಞನಾರಾಯಣ ಸರ್‌ರ ನಿಯಮ. ಹಬ್ಬಕ್ಕೆ ಮೊದಲು ಇಳಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಎಷ್ಟು ಗಂಟೆ ಅಂತ ನಾನು ಇವರಿಗೆ ಹೇಳಲೇ ಇಲ್ಲ" ಎಂದ ಜಯಕರ. "ತಪ್ಪು ನನ್ನದು. ಬರೆದು ಕೊಡುತ್ತೇನೆ."

ಬರೆದೂ ಕೊಟ್ಟ. ಸಹಿ ಹಾಕುವುದನ್ನು ನಳಿನಾಕ್ಷಿ ನೋಡಿದಳು. ತನ್ನ ತಪ್ಪನ್ನು ಇಷ್ಟು ನೇರವಾಗಿ ಕಾಗದದ ಮೇಲೆ ಬರೆಯುವ ಗಂಡಸನ್ನು ಅವಳು ಮೊದಲ ಬಾರಿ ಕಂಡಿದ್ದಳು. ಅದು ಅವಳನ್ನು ಹೆದರಿಸಿತು.

ಯಾಕೆಂದರೆ ಹಳದಿ ಕಾರ್ಡುಗಳು ಹಾಗೆಯೇ ಇದ್ದವು, ನೂರು ನೂರರ ಇಪ್ಪತ್ತಾರು ಕಟ್ಟು. ಎಲ್ಲವನ್ನೂ ಮತ್ತೆ ಹಾಕಬೇಕು. ಒಬ್ಬರು ಓದಿ ಹೇಳಿದರೆ ಇನ್ನೊಬ್ಬರು ನೋಡದೆ ಟೈಪು ಮಾಡಬಹುದು, ಆರು ದಿನದಲ್ಲಿ ಮುಗಿಯುತ್ತದೆ ಎಂದು ತೀರ್ಮಾನವಾಯಿತು. ಆಂಜೆಲಾಳಿಗೆ ಕಾಪು ಕಡೆಯ ಕಟ್ಟುಗಳು, ಓದಲು ಸ್ವತಃ ಯಜ್ಞನಾರಾಯಣ ಸರ್. ನಳಿನಾಕ್ಷಿಗೆ ಕಾರ್ಕಳದವು. ಓದಲು ಜಯಕರ.

"ಶಿಕ್ಷೆ ಅಂದರೆ ಹೀಗೆ ಇರಬೇಕು" ಎಂದು ಆಂಜೆಲಾ ಕಿವಿಯಲ್ಲಿ ಪಿಸುಗುಟ್ಟಿದಳು. "ನನಗೆ ನಶ್ಯ, ನಿನಗೆ ಮಲ್ಲಿಗೆ."

ಕಾರ್ಕಳದ ಕಟ್ಟುಗಳಲ್ಲಿ ನಿಟ್ಟೆ ಹಳ್ಳಿಯದ್ದೂ ಇತ್ತು. ಅದರೊಳಗೆ ಮಜಲುಮನೆಯ ಕಾರ್ಡು. ನಳಿನಾಕ್ಷಿಯ ಮನೆಯದು.

*

"ಬಾಕಿಮಾರು. ಕೊರಗಪ್ಪ, ಐವತ್ತೆರಡು, ಗಂಡು, ಎರಡು. ಊತ ಇಲ್ಲ."

"ಹ್ಞಾಂ."

"ಹೆಂಡತಿ ಪೂವಮ್ಮ, ನಲವತ್ತೈದು, ಹೆಣ್ಣು, ಎರಡು. ಬಲಗಾಲು ಊತ."

ಮದುವೆಯಾಗದವರು ಒಂದು, ಆದವರು ಎರಡು, ಗಂಡನೋ ಹೆಂಡತಿಯೋ ತೀರಿಕೊಂಡವರು ಮೂರು. ಮನುಷ್ಯರ ಬಾಳೆಲ್ಲ ಆ ಮೂರು ಅಂಕೆಯೊಳಗೆ ಕೂರುತ್ತಿತ್ತು. ಅವನ ಓದಿಗೆ ಒಂದು ಓಟವಿತ್ತು. ಅವಳ ಬೆರಳುಗಳು ಆ ಓಟಕ್ಕೆ ಹೊಂದಿಕೊಂಡವು. ಅವನು ಉಸಿರು ತೆಗೆದುಕೊಳ್ಳುವಲ್ಲೇ ಅವಳ ಕೈ ನಿಲ್ಲುತ್ತಿತ್ತು.

"ಈ ಮನೆಯಲ್ಲಿ ಹದಿನಾಲ್ಕು ಜನ. ಊಟಕ್ಕೆ ಎರಡು ಪಂಕ್ತಿ ಬೇಕು."

"ಕಾರ್ಡಿನಲ್ಲಿ ಇದ್ದಷ್ಟೇ ಓದಿ ಮಾರ್ರೆ."

"ಕಾರ್ಡಿನಲ್ಲಿ ಇಲ್ಲದ್ದನ್ನು ಯಾವಾಗ ಕೇಳುವುದು ಹಾಗಾದರೆ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಗಾಜಿನಲ್ಲಿ, ಹಸಿರು ಅಕ್ಷರಗಳ ಹಿಂದೆ, ಅವನ ಮುಖ ಕಾಣುತ್ತಿತ್ತು. ಅವನು ಕಾರ್ಡು ನೋಡುತ್ತಿರಲಿಲ್ಲ. ಅವಳ ಕುತ್ತಿಗೆಯ ಹತ್ತಿರ ಪಿನ್ನಿನಿಂದ ತಪ್ಪಿಸಿಕೊಂಡ ಕೂದಲೆಳೆಯನ್ನು, ಎಲ್ಲಿ ಸಿಕ್ಕಿಸಬಹುದೆಂದು ಯೋಚಿಸುವವನಂತೆ ನೋಡುತ್ತಿದ್ದ. ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ತುಳು ಎಂಬುದು ಅವರಿಬ್ಬರ ನಡುವೆ ತಾನಾಗಿ ಆದ ಒಪ್ಪಂದ. ಅವಳು ತುಳುವಿನಲ್ಲಿ, "ಓದುತ್ತೀರಾ, ಸರ್‌ನ್ನು ಕರೆಯಲಾ?" ಎಂದು ಕೇಳಿದಳು. ಅವನು ನಕ್ಕು ಓದಿದ.

ಬುಧವಾರ ಬೆಳಿಗ್ಗೆ ಅವನು ನಗಲಿಲ್ಲ. ಕಟ್ಟಿನ ನೂಲು ಬಿಚ್ಚುತ್ತ, ತಲೆ ತಗ್ಗಿಸಿಕೊಂಡೇ ಹೇಳಿದ.

"ನಮ್ಮ ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೇನೆ. ಬರುವ ಭಾನುವಾರ ನಿಟ್ಟೆಗೆ ಕರೆದುಕೊಂಡು ಬರಲಾ? ಬೇಡ ಅಂದರೆ ಬೇಡ. ಈಗಲೇ ಹೇಳಬೇಕು ಅಂತಲೂ ಇಲ್ಲ."

ಅವಳ ಬೆರಳು ಒಂದು ಕೀಲಿಯ ಮೇಲೆಯೇ ಒತ್ತಿ ನಿಂತಿತು. ಪರದೆಯ ತುಂಬ ಒಂದೇ ಅಕ್ಷರ ಸಾಲುಸಾಲಾಗಿ ಓಡಿತು.

"ಮೊದಲು ಕಾರ್ಡು ಮುಗಿಯಲಿ" ಎಂದಳು. ದನಿ ತನ್ನದೆಂದು ಅನ್ನಿಸಲಿಲ್ಲ.

ಆರು ವರ್ಷದ ಹಿಂದೆ, ಹತ್ತೊಂಬತ್ತಕ್ಕೆ, ನಳಿನಾಕ್ಷಿಗೆ ಮದುವೆಯಾಗಿತ್ತು. ಪಡುಬಿದ್ರಿಯ ಬಸ್ ಕಂಡಕ್ಟರು, ಒಳ್ಳೆಯವನೇ. ಕಾಮಾಲೆ ಹನ್ನೆರಡು ದಿನದಲ್ಲಿ ಅವನನ್ನು ಕೊಂಡುಹೋದಾಗ ಅವಳಿಗೆ ಐದು ತಿಂಗಳು. ತಾಯಿ ವಸಂತಿ ಅವಳನ್ನು ಮಜಲುಮನೆಗೆ ಕರೆತಂದು, ಬಾಣಂತನ ಮಾಡಿ, ಟೈಪಿಂಗ್ ಕಲಿಯಲು ಕಾರ್ಕಳಕ್ಕೆ ಕಳಿಸಿದರು. ಮಣಿಪಾಲದಲ್ಲಿ ಕೆಲಸವೇನೋ ಸಿಕ್ಕಿತು. ಉಳಿಯಲು ಸಿಕ್ಕಿದ ಒಂದೇ ಹಾಸ್ಟೆಲಿನ ಬಾಗಿಲಲ್ಲಿ, ಅವಿವಾಹಿತ ಹುಡುಗಿಯರಿಗೆ ಮಾತ್ರ ಎಂದು ಬರೆದಿತ್ತು. ಅರ್ಜಿಯಲ್ಲಿ ಅವಳು ಕುಮಾರಿ ಎಂದು ಬರೆದಳು. ಒಂದು ಪದ, ಅಷ್ಟೆ. ಆ ಒಂದು ಪದವನ್ನು ಕಾಪಾಡಲು ಎರಡು ವರ್ಷದಿಂದ ದಿನವೂ ಸುಳ್ಳು ಹೇಳಬೇಕಾಗಿತ್ತು. ಪರ್ಸಿನಲ್ಲಿದ್ದ ಫೋಟೋ ಅಕ್ಕನ ಮಗಳದ್ದಾಯಿತು. ಶನಿವಾರ ಊರಿಗೆ ಓಡುವುದು ಅಮ್ಮನ ಮಂಡಿನೋವಿಗಾಗಿ ಎಂದಾಯಿತು.

ಹೋದ ವಾರ ಮಜಲುಮನೆಯ ಕಾರ್ಡು ಮೊದಲ ಬಾರಿ ಕೈಗೆ ಬಂದಾಗ ಪಕ್ಕದಲ್ಲಿ ಆಂಜೆಲಾ ಇದ್ದಳು. ಒಂದೇ ಹಾಸ್ಟೆಲು, ಒಂದೇ ಕೋಣೆ. ನಳಿನಾಕ್ಷಿ ಕಾರ್ಡನ್ನು ಅಂಗೈಯಲ್ಲಿ ಮರೆಮಾಡಿ ಟೈಪು ಮಾಡಿದ್ದಳು. ತನ್ನ ಹೆಸರಿನ ಮುಂದೆ ಒಂದು. ಅದರ ಕೆಳಗಿನ ಸಾಲನ್ನು ಹಾಕಲೇ ಇಲ್ಲ. ಐದು ಜನರ ಮನೆ ನಾಲ್ಕು ಜನರದ್ದಾಯಿತು. ಯಂತ್ರ ಒಂದು ಮಾತೂ ಕೇಳದೆ ತೆಗೆದುಕೊಂಡಿತು.

ಆ ಸುಳ್ಳು ಮೂರು ದಿನದ ರಜೆಯಲ್ಲಿ ಅಳಿಸಿಹೋಗಿತ್ತು. ದಾದಿಯ ದುಂಡಗಿನ ಅಕ್ಷರ ಮಾತ್ರ ಕಟ್ಟಿನೊಳಗೆ ಹಾಗೆಯೇ ಕುಳಿತಿತ್ತು.

ಬುಧವಾರ ಊಟದ ಹೊತ್ತಿನಲ್ಲಿ, ಕೋಣೆಯಲ್ಲಿ ಯಾರೂ ಇಲ್ಲದಾಗ, ಅವಳು ನಿಟ್ಟೆಯ ಕಟ್ಟು ಬಿಚ್ಚಿದಳು. ಮಜಲುಮನೆಯ ಕಾರ್ಡು ತೆಗೆದು ತನ್ನ ಚೀಲಕ್ಕೆ ಹಾಕಿ, ನೂಲನ್ನು ಮೊದಲಿನಂತೆಯೇ ಗಂಟು ಹಾಕಿದಳು.

*

ಗುರುವಾರ ಮಧ್ಯಾಹ್ನ ಜಯಕರ ನಿಟ್ಟೆಯ ಕಟ್ಟನ್ನು ಓದಿ ಮುಗಿಸಿದ. ಮೇಲಿನ ಚೀಟಿ ನೋಡಿದ. ಪರದೆಯ ಅಂಕೆ ನೋಡಿದ.

"ತೊಂಬತ್ತೊಂಬತ್ತು ಬಂತಲ್ಲ?"

ಎಣಿಸಿದ. ತೊಂಬತ್ತೊಂಬತ್ತು. ಉಗುಳು ಹಚ್ಚಿ ಮತ್ತೊಮ್ಮೆ ಎಣಿಸಿದ. ಮೇಜಿನ ಕೆಳಗೆ ಬಗ್ಗಿದ, ಕಸದ ಬುಟ್ಟಿ ಬೋರಲು ಹಾಕಿದ, ಮೊಣಕಾಲೂರಿ ಯಂತ್ರದ ಅಡಿಗೂ ಕೈ ಹಾಕಿದ. ಮೊದಲು ನಗುನಗುತ್ತಲೇ ಹುಡುಕಿದ. ಆಮೇಲೆ ನಗು ಹೋಯಿತು.

"ನಿಮ್ಮ ಊರಿನದ್ದೇ ಒಂದು ಮನೆ ನುಂಗಿದೆ ನೋಡಿ ಈ ಯಂತ್ರ" ಎಂದ, ಮೊಣಕೈಯ ಧೂಳು ಒರಸಿಕೊಳ್ಳುತ್ತ. "ಸೋಮವಾರದ್ದು ನನ್ನ ತಪ್ಪು ಅಂತ ಬರೆದು ಕೊಟ್ಟಾಗಿದೆ. ಕಾರ್ಡು ಕಳೆದದ್ದೂ ನನ್ನ ಕೈಯಲ್ಲೇ ಅಂತಾದರೆ ಕಂಪೆನಿಯವರು ನನ್ನನ್ನು ಇಟ್ಟುಕೊಳ್ಳುವುದಿಲ್ಲ. ನೀವು ಹೆದರಬೇಡಿ. ನಿಮ್ಮ ಹೆಸರು ಬರದ ಹಾಗೆ ಮಾಡುತ್ತೇನೆ."

ನಿಮ್ಮ ಹೆಸರು ಬರದ ಹಾಗೆ! ನಳಿನಾಕ್ಷಿ ಸುಮ್ಮನಿದ್ದರೆ ಸಾಕಿತ್ತು. ಅವನು ಇದನ್ನೂ ಹೊತ್ತುಕೊಳ್ಳುತ್ತಿದ್ದ. ಭಾನುವಾರ ತಾಯಿಯನ್ನೂ ಕರೆತರುತ್ತಿದ್ದ.

ಅವಳು ಚೀಲ ತೆರೆದಳು. ಕಾರ್ಡು ಮೂಲೆಯಲ್ಲಿ ಮಡಚಿತ್ತು. ಅದನ್ನು ಬೆರಳಿನಿಂದ ತೀಡಿ ನೇರ ಮಾಡಿ ಮೇಜಿನ ಮೇಲಿಟ್ಟಳು.

"ಓದಿ."

"ಇದು ನಿಮ್ಮ ಚೀಲದಲ್ಲಿ ಹೇಗೆ..."

"ಓದಿ ಮಾರ್ರೆ. ನಾನು ಹಾಕುತ್ತೇನೆ."

ಅವನು ಅದೇ ಓಟದಲ್ಲಿ ಶುರುಮಾಡಿದ. "ಮಜಲುಮನೆ. ವಸಂತಿ, ಐವತ್ತು, ಹೆಣ್ಣು, ಮೂರು. ಎಡಗಾಲು ಸ್ವಲ್ಪ ಊತ. ಮಗ ವಾಮನ, ಇಪ್ಪತ್ತೆಂಟು, ಗಂಡು, ಎರಡು. ಸೊಸೆ ಲೀಲಾ, ಇಪ್ಪತ್ತೆರಡು, ಹೆಣ್ಣು, ಎರಡು. ಮಗಳು ನಳಿನಾಕ್ಷಿ..." ತಲೆಯೆತ್ತಿ ಮುಗುಳ್ನಕ್ಕ. "ಇದು ನಿಮ್ಮ ಮನೆಯೇ! ಇಪ್ಪತ್ತೈದು, ಹೆಣ್ಣು..."

ನಿಂತಿತು.

ಅವಳು ಕಾದಳು.

"ಅಂಕೆ ಹೇಳಿ" ಎಂದಳು.

"ಮೂರು" ಎಂದ.

ಅವಳು ಮೂರು ಒತ್ತಿದಳು.

"ಮುಂದಿನದು."

"ಮೊಮ್ಮಗಳು ಸುಭಾಷಿಣಿ, ಐದು, ಹೆಣ್ಣು, ಒಂದು. ತಾಯಿ..." ಅವನಿಂದ ಮುಂದೆ ಆಗಲಿಲ್ಲ. ತಾಯಿಯ ಹೆಸರಿನ ಜಾಗದಲ್ಲಿ ದಾದಿ ಬರೆದದ್ದರ ಮೇಲೆ ಬೆರಳಿಟ್ಟುಕೊಂಡು ಕುಳಿತ. "ಇದು ಸರಿಯುಂಟಾ? ದಾದಿ ತಪ್ಪಿ ಬರೆದದ್ದಾ?"

"ಅವರು ಸರಿಯಾಗಿಯೇ ಬರೆದಿದ್ದಾರೆ. ತಪ್ಪು ಹಾಕಿದ್ದು ನಾನು."

"ಅಂದರೆ? ಮೊದಲ ಸಲ ಎಂತ ಹಾಕಿದ್ದಿರಿ?"

"ನನಗೆ ಒಂದು ಅಂತ ಹಾಕಿದೆ. ಅವಳನ್ನು..." ತಾನು ಏನು ಹೇಳಹೊರಟಿದ್ದೇನೆಂದು ಅವಳಿಗೆ ಆ ಕ್ಷಣದವರೆಗೂ ಪೂರ್ತಿ ತಿಳಿದಿರಲಿಲ್ಲ. "ಅವಳನ್ನು ಹಾಕಲೇ ಇಲ್ಲ."

"ಮಗುವನ್ನೇ?"

ಆ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ದೊಡ್ಡದು ಎಂಬುದು ಅವನ ಮುಖದಲ್ಲಿ ಕಂಡಿತು. ಮೂರು ಎಂದಾಗ ಅವನ ಕಣ್ಣು ಬರೀ ಬೆಚ್ಚಿತ್ತು. ಈಗ ಅದು ಅವಳನ್ನು ಗುರುತಿಲ್ಲದವರನ್ನು ನೋಡುವಂತೆ ನೋಡಿತು. ಕಾರ್ಡನ್ನು ನಿಧಾನವಾಗಿ ಕಟ್ಟಿನ ಮೇಲಿಟ್ಟ, ಎದ್ದ, ಚಪ್ಪಲಿ ಮೆಟ್ಟಿಕೊಂಡ. ಸ್ಕೂಟರು ಸದ್ದು ಮಾಡಿತು.

ಪಕ್ಕದ ಮೇಜಿನಲ್ಲಿ ಯಜ್ಞನಾರಾಯಣ ಸರ್ ಓದುವುದನ್ನು ನಿಲ್ಲಿಸಿದ್ದರು. ಆಂಜೆಲಾಳ ಬಾಯಿ ತೆರೆದೇ ಇತ್ತು.

"ಆ ಫೋಟೋದ ಮಗು..." ಎಂದಳು ಆಂಜೆಲಾ.

"ಹೌದು. ಅಕ್ಕ ಅಂತ ನನಗೆ ಯಾರೂ ಇಲ್ಲ."

ಉಳಿದ ಸಾಲನ್ನು ನಳಿನಾಕ್ಷಿ ತಾನೇ ನೋಡಿಕೊಂಡು ಹಾಕಿದಳು. ಸುಭಾಷಿಣಿ ಎಂಬ ಹೆಸರು ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಮೂಡುವಾಗ, ಹೋದ ವಾರ ಇದೇ ಬೆರಳುಗಳು ಇದೇ ಜಾಗವನ್ನು ದಾಟಿಹೋದದ್ದು ಹೇಗೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಂಕೆ ನೂರಾಯಿತು.

ಶುಕ್ರವಾರ ಅವನು ಬಂದ. ಓದಿದ. ದನಿಯಲ್ಲಿ ಏರಿಳಿತವಿರಲಿಲ್ಲ; ಹದಿನಾರು ಜನರ ಮನೆ ಬಂದರೂ ಪಂಕ್ತಿಯ ಮಾತು ಬರಲಿಲ್ಲ. ಗಾಜಿನಲ್ಲಿ ಅವಳು ನೋಡಿದಳು. ಅವನ ಕಣ್ಣು ಕಾರ್ಡಿನ ಮೇಲೆಯೇ ಇತ್ತು. ಶನಿವಾರ ಎರಡು ಸಾವಿರದ ಆರುನೂರೂ ಮುಗಿದು ಟೇಪಿಗೆ ಇಳಿಯಿತು. ಅವನು ಸುರುಳಿಯನ್ನು ಯಜ್ಞನಾರಾಯಣ ಸರ್‌ರ ಕೈಗೆ ಕೊಟ್ಟು, ಯಾರಿಗೂ ಹೇಳದೆ ಹೊರಟುಹೋದ. ಭಾನುವಾರದ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಆದರೆ ಆ ಶುಕ್ರವಾರವೇ, ಅವನು ಏನೆಂದುಕೊಂಡಾನೆಂದು ತಿಳಿಯುವ ಮೊದಲೇ, ನಳಿನಾಕ್ಷಿ ಹಾಸ್ಟೆಲಿನ ವಾರ್ಡನ್ ಗುಣವತಿಯಮ್ಮನ ಎದುರು ನಿಂತಿದ್ದಳು.

"ನನ್ನ ಅರ್ಜಿಯಲ್ಲಿ ಒಂದು ತಪ್ಪು ಉಂಟು ಅಮ್ಮ. ನನಗೆ ಮದುವೆಯಾಗಿತ್ತು. ಗಂಡ ಇಲ್ಲ. ಮಗಳಿದ್ದಾಳೆ."

ಗುಣವತಿಯಮ್ಮ ಕನ್ನಡಕ ತೆಗೆದರು, ಮತ್ತೆ ಹಾಕಿದರು. "ಎರಡು ವರ್ಷದಿಂದ ನನ್ನ ಎದುರು ಕೂತು ಊಟ ಮಾಡಿದ್ದೀ. ಇವತ್ತು ಯಾರು ಕೇಳಿದರು ನಿನ್ನನ್ನು?"

"ಯಾರೂ ಕೇಳಲಿಲ್ಲ."

"ಕೇಳದೆ ಇದ್ದರೆ ಹೇಳುವುದು ಎಂತಕ್ಕೆ ಮಾರಾಯ್ತಿ? ಈಗ ನಾನು ನಿಯಮ ನೋಡಬೇಕಲ್ಲ!" ಅವರಿಗೆ ನಿಜಕ್ಕೂ ಸಂಕಟವಾಗಿತ್ತು. ಹಾಸ್ಟೆಲು ಬಿಡಲು ಎಂಟು ದಿನ ಕೊಟ್ಟರು.

*

ಡೆಲ್ಲಿಯವರು ಬಂದರು, ತಲೆಯಾಡಿಸಿದರು, ಹೋದರು. ಬುಧವಾರ ಸಂಜೆ ನಳಿನಾಕ್ಷಿ ಬಸ್ಸಿಗೆ ಕಾಯುತ್ತಿದ್ದಳು. ಸಂತೆಕಟ್ಟೆಯಲ್ಲಿ ಒಂದು ಕೋಣೆ ಇದೆಯೆಂದು ಆಂಜೆಲಾ ವಿಚಾರಿಸಿ ಹೇಳಿದ್ದಳು. ಮೂರು ದಿನ ಮಾತು ಬಿಟ್ಟು ನಾಲ್ಕನೆಯ ದಿನ, "ನನಗೂ ಹೇಳಲಿಲ್ಲವಲ್ಲ ಪಾಪಿ" ಎಂದು ಅತ್ತು, ಆಮೇಲೆ ಹುಡುಕಿಕೊಟ್ಟದ್ದು.

ಸ್ಕೂಟರು ಬಂದು ನಿಂತಿತು. ಜಯಕರ ಇಳಿದ. ಗಡ್ಡ ಬೋಳಿಸಿರಲಿಲ್ಲ.

"ಹಾಸ್ಟೆಲು ಬಿಡುತ್ತೀರಂತೆ. ಆಂಜೆಲಾ ಹೇಳಿದರು. ನಿಮ್ಮನ್ನು ಹೊರಗೆ ಹಾಕಿದರಾ?"

"ಇಲ್ಲ. ನಾನೇ ಹೇಳಿದೆ."

"ನೀವೇ?" ಅವನು ಹ್ಯಾಂಡಲ್ ಹಿಡಿದು ನಿಂತೇ ಬಿಟ್ಟ. "ಯಾವಾಗ?"

"ಶುಕ್ರವಾರ. ಮಗಳನ್ನು ಕರೆತರುತ್ತೇನೆ. ಶಾಲೆಗೆ ಇಲ್ಲೇ ಹಾಕುತ್ತೇನೆ. ಕೋಣೆ ನೋಡಲಿಕ್ಕೆ ಹೊರಟದ್ದು."

ಬಸ್ಸು ಬಂತು. ಅವಳು ಹತ್ತಲಿಲ್ಲ. ಬಸ್ಸು ಹೋಯಿತು.

"ಗುರುವಾರ ನಾನು ಎದ್ದು ಹೋದದ್ದು ತಪ್ಪು" ಎಂದ.

"ತಪ್ಪಲ್ಲ. ನನಗೂ ನನ್ನ ಎದುರಿನಿಂದ ಎದ್ದು ಹೋಗಬೇಕು ಅನ್ನಿಸಿತ್ತು. ಆಗಲಿಲ್ಲ, ಅಷ್ಟೆ."

ಅವನು ನಗಲು ನೋಡಿದ, ಅರ್ಧಕ್ಕೇ ಬಿಟ್ಟ. "ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ಕಾರ್ಡು ಹೇಗೂ ನಿಮ್ಮ ಚೀಲದಲ್ಲಿತ್ತು. ಹರಿದು ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾಕೆ ಕೊಟ್ಟಿರಿ?"

"ನಿಮ್ಮ ಕೆಲಸ ಹೋಗುತ್ತಿತ್ತು."

"ಅಷ್ಟಕ್ಕೇ?"

ಅವಳು ರಸ್ತೆ ನೋಡಿದಳು. ಆಚೆ ಬದಿಯ ಗೂಡಂಗಡಿಯಲ್ಲಿ ಯಾರೋ ಸೋಡಾ ಬಾಟಲಿಯ ಗೋಲಿ ಒತ್ತಿದರು.

"ಭಾನುವಾರ ನೀವು ಬರುತ್ತೀರಿ ಅಂದಿದ್ದಿರಿ" ಎಂದಳು ನಿಧಾನವಾಗಿ. "ನೀವು ಬರುವಾಗ ಅವಳನ್ನು ಪಕ್ಕದ ಮನೆಗೆ ಕಳಿಸಬೇಕಾಗುತ್ತಿತ್ತು. ಅದನ್ನು ಎಣಿಸಿಕೊಂಡೆ. ನನ್ನಿಂದ ಆಗಲಿಕ್ಕಿಲ್ಲ ಅನ್ನಿಸಿತು. ನೀವು ಬೇಕು ಅಂತ ಇತ್ತು ನನಗೆ. ತುಂಬ ಇತ್ತು. ಆದರೂ ಆಗಲಿಕ್ಕಿಲ್ಲ."

ಅವಳು ಇಷ್ಟು ನೇರವಾಗಿ ಹೇಳುತ್ತಾಳೆಂದು ಅವನೂ ಎಣಿಸಿರಲಿಲ್ಲ, ಅವಳೂ ಎಣಿಸಿರಲಿಲ್ಲ.

"ಅಮ್ಮನಿಗೆ ಎಲ್ಲವನ್ನೂ ಹೇಳಿದೆ" ಎಂದ ಜಯಕರ. "ಮಗುವಿನ ವಿಷಯವನ್ನೂ."

ಅವಳ ಕೈ ಚೀಲದ ಹಿಡಿಯನ್ನು ಬಿಗಿದುಕೊಂಡಿತು. "ಎಂತ ಹೇಳಿದರು?"

"ಹೌಹಾರಿದರು. ಕೈಯಲ್ಲಿದ್ದ ತೆಂಗಿನಕಾಯಿ ಬಾವಿಕಟ್ಟೆಯಿಂದ ಒಳಗೆ ಬಿತ್ತು. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಬಟ್ಟಲು ಕುಕ್ಕಿ ಇಡುವುದು, ಬಾಗಿಲು ಬಡಿಯುವುದು. ಇವತ್ತು ಬೆಳಿಗ್ಗೆ ನಾನು ಹೊರಡುವಾಗ ಬೆನ್ನು ತಿರುಗಿಸಿಯೇ ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಅಂದೆ."

"ಯಾವ ಪ್ರಶ್ನೆ?"

"ಮಗುವಿಗೆ ಮೀನಿನ ಮುಳ್ಳು ಬಿಡಿಸಿ ಕೊಡಬೇಕಾ, ತಾನೇ ತಿನ್ನುತ್ತದಾ ಅಂತ."

ನಳಿನಾಕ್ಷಿ ಅವನ ಮುಖ ನೋಡಿದಳು. ತಮಾಷೆಯಲ್ಲ, ಅವನು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ. ಅವಳ ಕಣ್ಣು ತುಂಬಿತು, ಅದರ ನಡುವೆಯೇ ನಗುವೂ ಉಕ್ಕಿ ಬಂದು ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು.

"ನನ್ನ ಮಗಳು ಬೂತಾಯಿ ಮೀನಿನ ಮುಳ್ಳನ್ನೂ ತಿನ್ನದೆ ಬಿಡುವುದಿಲ್ಲ, ಹೇಳಿ ಅವರಿಗೆ" ಎಂದಳು.

ಬಸ್ಸಿಗೆ ಕಾಯುತ್ತಿದ್ದವರಲ್ಲಿ ನಾಲ್ಕೈದು ಜನ ತಿರುಗಿ ನೋಡಿದರು. ಹಾಸ್ಟೆಲಿನ ಹುಡುಗಿಯರೂ ಇಬ್ಬರಿದ್ದರು. ನಳಿನಾಕ್ಷಿ ದನಿ ತಗ್ಗಿಸಲಿಲ್ಲ.

"ಬಂಗುಡೆಯದ್ದು ಮಾತ್ರ ಬಿಡಿಸಿ ಕೊಡಬೇಕು."